ಕರೆಸಿಕೊಳ್ಳುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು: ಜರ್ಮನಿಯ ವಲಸೆ ಯೋಜನೆಗಳ ಬಗ್ಗೆ ನಿಮ್ಮ ಅನುಭವ ಹೇಳಿ

ನೆಕ್ಕರ್_ತೀರ:

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ನಮ್ಮ ಪಕ್ಕದ ಬೀದಿಯಲ್ಲಿದ್ದ ಮೈಸೂರಿನ ಸಂಸಾರ ಮನೆ ಖಾಲಿ ಮಾಡಿ ಊರಿಗೆ ಹೊರಟಿತು. ಆರು ವರ್ಷ ಇಲ್ಲಿದ್ದರು. ಅವನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಒಳ್ಳೆ ಕೆಲಸ, ಕೈಯಲ್ಲಿ ಪಿಆರ್ (ಕಾಯಂ ವಾಸದ ಪರವಾನಗಿ), ಮಗಳು ಒಂದನೇ ಕ್ಲಾಸು. ನಾನೂ ನನ್ನ ಹೆಂಡತಿಯೂ ಸಾಮಾನು ಕಟ್ಟಲು ಹೋಗಿದ್ದೆವು. ಇಡ್ಲಿ ಪಾತ್ರೆಯನ್ನು ಇವಳ ಕೈಗೆ ಕೊಡುತ್ತಾ ಅವನ ಹೆಂಡತಿ ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ: "ಅಕ್ಕ, ಈ ದೇಶ ಕರೆಸ್ಕೊಂಡಿದ್ದು ಇವರನ್ನ. ನನ್ನನ್ನ ಯಾರೂ ಕರೆದಿರಲಿಲ್ಲ."

ನಾನು 2014ರಲ್ಲಿ ಬ್ಲೂ ಕಾರ್ಡಿನಲ್ಲಿ, ಅಂದರೆ ಹೆಚ್ಚು ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿಯಲ್ಲಿ ಬಂದವನು. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಶುರುವಾದದ್ದು 2012ರ ಆಗಸ್ಟಿನಲ್ಲಿ. ಬಿ1 ಜರ್ಮನ್ (ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲಿ ಮೂರನೆಯದು) ಪಾಸಾಗಿದ್ದರಿಂದ 21 ತಿಂಗಳಿಗೇ ನನಗೆ ಪಿಆರ್ ಸಿಕ್ಕಿತು. ಆಮೇಲೆ ಬಾಗಿಲು ಇನ್ನೂ ಅಗಲವಾಗುತ್ತಲೇ ಬಂತು. 2020ರ ಮಾರ್ಚಿನಲ್ಲಿ ನುರಿತ ಕೆಲಸಗಾರರ ವಲಸೆ ಕಾನೂನು. 2023ರ ನವೆಂಬರಿನಿಂದ ಅದಕ್ಕೆ ಹಂತಹಂತವಾಗಿ ತಿದ್ದುಪಡಿ. ಕನಿಷ್ಠ ಸಂಬಳದ ಮಿತಿ ಇಳಿಸಿದರು, ಡಿಗ್ರಿ ಇಲ್ಲದಿದ್ದರೂ ಮೂರು ವರ್ಷದ ಅನುಭವ ಇರುವ ಐಟಿಯವರಿಗೆ ಬ್ಲೂ ಕಾರ್ಡ್ ಕೊಡತೊಡಗಿದರು. 2024ರ ಜೂನಿನಲ್ಲಿ ಚಾನ್ಸೆನ್‌ಕಾರ್ಟೆ ಬಂತು, ಅಂದರೆ ಕೆಲಸ ಸಿಗುವ ಮೊದಲೇ ಬಂದು ಹುಡುಕಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಆಗಿನ ಚಾನ್ಸಲರ್ ಶೋಲ್ಜ್ ದೆಹಲಿಗೆ ಹೋಗಿ, ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು ಹೇಳಿ ಬಂದರು.

ಇಷ್ಟೆಲ್ಲ ಮಾಡಿ ಕರೆಸಿಕೊಂಡವರು ಪಿಆರ್ ಕೈಗೆ ಬಂದ ಮೇಲೂ ಎದ್ದು ಹೋಗುತ್ತಾರೆ ಅಂದರೆ ಏನೋ ಎಡವಟ್ಟಾಗಿದೆ. ನನಗೆ ಕಾಣುವುದು ಇಷ್ಟು: ಕರೆಯುವ ಕೆಲಸ ಬರ್ಲಿನ್ನಿನಲ್ಲೂ ದೆಹಲಿಯಲ್ಲೂ ನಡೆಯುತ್ತದೆ. ಉಳಿಸಿಕೊಳ್ಳುವ ಕೆಲಸ ನಡೆಯಬೇಕಾದ್ದು ನಮ್ಮ ನಮ್ಮ ಊರಿನ ಎಬಿಎಚ್ (ವಿದೇಶಿಯರ ಪರವಾನಗಿ ಕಚೇರಿ) ಕೌಂಟರಿನಲ್ಲಿ ಮತ್ತು ಮನೆಯೊಳಗೆ. ಕಾನೂನು ಬರೆದವರು ಒಬ್ಬ ಕೆಲಸಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಬಂದದ್ದು ಸಂಸಾರ.

ಹೋದವರು, ಉಳಿದವರು, ಬರಬೇಕು ಅಂತಿರುವವರು, ಎಲ್ಲರೂ ಬರೆಯಿರಿ.

ಹಳೇ_ಗ್ರೀನ್‌ಕಾರ್ಡ್:

ಇದು ಇವತ್ತಿನ ಕಥೆಯಲ್ಲ ಸ್ವಾಮಿ. ನಾನು 2001ರಲ್ಲಿ ಬಂದವನು. ನಮ್ಮ ತಂದೆ ಆಡುಗೋಡಿಯ ಮೈಕೋ ಫ್ಯಾಕ್ಟರಿಯಲ್ಲಿ ಇದ್ದವರು, ಅದು ಜರ್ಮನಿಯ ಬಾಷ್ ಕಂಪನಿಯದು, ಹಾಗಾಗಿ ಬಾಷ್ ಅನ್ನೋ ಹೆಸರು ಕೇಳಿಯೇ ಬೆಳೆದವನು ನಾನು. ಗೆಳೆಯರೆಲ್ಲ ಅಮೆರಿಕ ಅಂದರೆ ನಾನು ಜರ್ಮನಿ ಅಂದೆ.

2000ದ ಫೆಬ್ರವರಿಯಲ್ಲಿ ಹ್ಯಾನೋವರಿನ ಸೆಬಿಟ್ ಕಂಪ್ಯೂಟರ್ ಮೇಳದಲ್ಲಿ ಚಾನ್ಸಲರ್ ಶ್ರೋಡರ್ "ಗ್ರೀನ್ ಕಾರ್ಡ್" ಘೋಷಿಸಿದರು. 20,000 ಐಟಿ ತಜ್ಞರು ಬೇಕು ಅಂತ. ಆಗಸ್ಟಿನಲ್ಲಿ ಜಾರಿಗೂ ಬಂತು. ಆದರೆ ಅಮೆರಿಕದ ಗ್ರೀನ್ ಕಾರ್ಡಿಗೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ಹೋಲಿಕೆ ಇರಲಿಲ್ಲ. ಹೆಚ್ಚೆಂದರೆ ಐದು ವರ್ಷ, ಅಷ್ಟೇ. ಅದೇ ವರ್ಷ ನಾರ್ತ್ ರೈನ್-ವೆಸ್ಟ್‌ಫೇಲಿಯಾ ಚುನಾವಣೆಯಲ್ಲಿ ಸಿಡಿಯು ಪಕ್ಷದ ಅಭ್ಯರ್ಥಿ ರ್ಯೂಟ್ಗರ್ಸ್ ಅವರ ಪ್ರಚಾರದ ಸುತ್ತ "ಕಿಂಡರ್ ಸ್ಟಾಟ್ ಇಂಡರ್" ಅನ್ನೋ ಘೋಷಣೆ ಎದ್ದಿತು. ಭಾರತೀಯರ ಬದಲು ಮಕ್ಕಳು ಅಂತ ಅರ್ಥ. ಅವರು ಆ ಚುನಾವಣೆ ಸೋತರು. ಆದರೆ ಆ ಮೂರು ಪದ ನಮ್ಮ ತಲೆಯಿಂದ ಹೋಗಲಿಲ್ಲ. ನಾನು ಭಾಷೆ ಕಲಿಯುವಾಗ ಮೊದಲು ಪೂರ್ತಿ ಅರ್ಥವಾದ ಜರ್ಮನ್ ವಾಕ್ಯ ಅದೇ.

ನನ್ನ ಹೆಂಡತಿ ಎಂಸಿಎ ಓದಿದವಳು. ಬಂದ ತಕ್ಷಣ ಕೆಲಸ ಮಾಡುವ ಅನುಮತಿ ಅವಳಿಗೆ ಇರಲಿಲ್ಲ. ಚಳಿಗಾಲ, ಮೂರನೇ ಮಹಡಿ, ಮಾತಾಡಲು ಯಾರೂ ಇಲ್ಲ. ನಮ್ಮ ತಂಡಕ್ಕೆ ನನ್ನ ಜೊತೆ ಬಂದ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ತುಂಬುವ ಮೊದಲೇ ಅಮೆರಿಕಕ್ಕೋ ಬೆಂಗಳೂರಿಗೋ ಹೋದರು. 2005ರ ಜನವರಿಯಲ್ಲಿ ಹೊಸ ವಲಸೆ ಕಾನೂನು ಬಂದ ಮೇಲೆ ಕಾಯಂ ಆಗಿ ಉಳಿಯೋ ದಾರಿ ತೆರೆಯಿತು. ನಾನು ಉಳಿದೆ. ಅವರು ಅಷ್ಟರೊಳಗೆ ಹೋಗಿಯಾಗಿತ್ತು.

ಅದಕ್ಕೂ ಮುಂಚೆ ನೋಡಿ. 1961ರಲ್ಲಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿದರು, "ಅತಿಥಿ ಕಾರ್ಮಿಕ" ಅಂತ ಹೆಸರಿಟ್ಟರು, 1973ರಲ್ಲಿ ನೇಮಕ ನಿಲ್ಲಿಸಿದರು. ಅತಿಥಿ ಅಂದಮೇಲೆ ಹೋಗುತ್ತಾರೆ ಅನ್ನೋ ಲೆಕ್ಕ. ಈ ದೇಶ ಆ ಪದದಿಂದ ಹೊರಬರೋಕೆ ಅರ್ಧ ಶತಮಾನ ತಗೊಂಡಿದೆ.

ಕೋಲಾರದ_ಹುಡುಗ:

ನಮಸ್ತೆ ಅಣ್ಣ. ನಾನು ಮೆಕ್ಯಾನಿಕಲ್ ಬಿಇ, ವಿಟಿಯು. ವಯಸ್ಸು 27, ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷದಿಂದ ಪ್ರೊಡಕ್ಷನ್ ಇಂಜಿನಿಯರ್. ಚಾನ್ಸೆನ್‌ಕಾರ್ಟೆ ಮಾಡಿಸಿಕೊಡ್ತೀನಿ ಅಂತ ಒಬ್ಬ ಏಜೆಂಟ್ ಮೂರು ಲಕ್ಷ ಕೇಳ್ತಿದಾನೆ. ನಿಮ್ಮ ಮಾತು ಓದಿದರೆ ಭಯ ಆಗ್ತಿದೆ. ಬರಬಹುದಾ, ಬೇಡವಾ?

ಇಸಾರ್_ದಂಡೆ:

ತಮ್ಮಾ, ಮೊದಲು ಆ ಮೂರು ಲಕ್ಷ ಜೇಬಲ್ಲೇ ಇಟ್ಕೋ. ಅರ್ಜಿ ನೀನೇ ಹಾಕಬಹುದು. ವೀಸಾ ಅರ್ಜಿ ಹಾಕೋ ಆನ್‌ಲೈನ್ ಕಾನ್ಸುಲರ್ ಪೋರ್ಟಲ್ಲು 2025ರ ಜನವರಿಯಿಂದ ಎಲ್ಲ ದೇಶದವರಿಗೂ ತೆರೆದಿದೆ. ಮಾಹಿತಿಗೆ ಸರ್ಕಾರದ್ದೇ "ಮೇಕ್ ಇಟ್ ಇನ್ ಜರ್ಮನಿ" ತಾಣ ಇದೆ.

ಎಲ್ಲಕ್ಕಿಂತ ಮೊದಲು ಅನಾಬಿನ್ ನೋಡು, ಹೊರದೇಶದ ಡಿಗ್ರಿಗಳಿಗೆ ಇಲ್ಲಿ ಎಷ್ಟು ಬೆಲೆ ಅಂತ ತೋರಿಸೋ ತಾಣ ಅದು. ನಿನ್ನ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ (ಮಾನ್ಯತೆ ಇದೆ ಅನ್ನೋ ಗುರುತು) ಇದ್ದು, ನಿನ್ನ ಡಿಗ್ರಿ ಇಲ್ಲಿನ ಡಿಗ್ರಿಗೆ ಸಮ ಅಂತ ತೋರಿಸಿದರೆ ನೀನು ನೇರವಾಗಿ ನುರಿತ ಕೆಲಸಗಾರನ ಲೆಕ್ಕಕ್ಕೆ ಬರ್ತೀಯ, ಪಾಯಿಂಟ್ ಎಣಿಸೋ ಗೋಜೇ ಇಲ್ಲ. ಅದು ಆಗದಿದ್ದರೆ ಮಾತ್ರ ಆರು ಪಾಯಿಂಟ್ ಬೇಕು. 35ರ ಒಳಗಿನ ವಯಸ್ಸಿಗೆ ಎರಡು. ಹಿಂದಿನ ಐದು ವರ್ಷದಲ್ಲಿ ಓದಿಗೆ ಸಂಬಂಧಪಟ್ಟ ಎರಡು ವರ್ಷದ ಅನುಭವಕ್ಕೆ ಎರಡು. ಇಂಜಿನಿಯರ್ ಕೆಲಸ ಕೊರತೆಯ ಪಟ್ಟಿಯಲ್ಲಿದೆ, ಅದಕ್ಕೊಂದು. ಇಂಗ್ಲಿಷ್ ಸಿ1 ಇದ್ದರೆ ಒಂದು. ಅಲ್ಲಿಗೆ ಆರಾಯಿತು. ಎ2 ಜರ್ಮನ್ ಮಾಡಿಕೊಂಡರೆ ಇನ್ನೊಂದು.

ಆದರೆ ದುಡ್ಡಿನ ಲೆಕ್ಕ ಸರಿಯಾಗಿ ಹಾಕು. 2025ರಲ್ಲಿ ತಿಂಗಳಿಗೆ 1,091 ಯೂರೊ ತೋರಿಸಬೇಕು, ವರ್ಷಕ್ಕೆ 13,092. ಬ್ಲಾಕ್ಡ್ ಅಕೌಂಟಿನಲ್ಲಿಟ್ಟು ತಿಂಗಳು ತಿಂಗಳು ತೆಗೆಯೋದು. ವಾರಕ್ಕೆ 20 ಗಂಟೆ ಸಣ್ಣ ಕೆಲಸ ಮಾಡಬಹುದು. ಒಂದು ವರ್ಷದೊಳಗೆ ತಕ್ಕ ಕೆಲಸ ಸಿಗಬೇಕು. ಕಾನೂನಿಗೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಸಾಕು. ಪ್ರೊಡಕ್ಷನ್ ಇಂಜಿನಿಯರಿಗೆ ಶಾಪ್ ಫ್ಲೋರಿನಲ್ಲಿ ಅದು ಸಾಲದು. ಶಿಫ್ಟ್ ಬದಲಾಗುವಾಗ ಮಾಸ್ಟರ್ ಹೇಳೋದು ಜರ್ಮನ್ನಿನಲ್ಲಿ, ಅದೂ ಇಲ್ಲಿ ನಮ್ಮಲ್ಲಿ ಬವೇರಿಯನ್ ಆಡುಮಾತಿನಲ್ಲಿ. ಬಿ1 ಮುಗಿಸಿಕೊಂಡೇ ವಿಮಾನ ಹತ್ತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಜರ್ಮನ್ ಕ್ಲಾಸಿನಲ್ಲಿ ಜಾಗ ಸಿಕ್ಕರೆ ಬಿಡಬೇಡ.

ಧಾರವಾಡದಾಕಿ:

ನೆಕ್ಕರ್ ತೀರದ ಅಣ್ಣಾರ ಬಾಜೂಮನಿ ಅಕ್ಕನ ಮಾತು ಓದಿ ಕಣ್ಣಾಗ ನೀರು ಬಂತ್ರಿ. ಯಾಕಂದ್ರ ಅದು ನಂದೂ ಮಾತು.

ನಾನು ಬಿಡಿಎಸ್ ಮುಗಿಸಿ ಹುಬ್ಬಳ್ಯಾಗ ನಾಲ್ಕು ವರ್ಷ ಕ್ಲಿನಿಕ್ ನಡಿಸಿದಾಕಿ. 2019ರಾಗ ನಮ್ಮನಿಯವರ ಬ್ಲೂ ಕಾರ್ಡಿನ ಜೋಡಿ ಬಂದ್ವಿ. ನನ್ನ ಕಾರ್ಡಿನ ಮ್ಯಾಲೆ ಯಾವ ಕೆಲಸಾನೂ ಮಾಡಬಹುದು ಅಂತ ಬರದಿತ್ತು. ಬ್ಲೂ ಕಾರ್ಡಿನವರ ಹೆಂಡ್ತಿಗೆ ಬರೂ ಮುಂಚೆ ಜರ್ಮನ್ ಪರೀಕ್ಷಾನೂ ಬೇಕಾಗಿಲ್ಲ, ಬಂದ ದಿನದಿಂದ ದುಡಿಯೂ ಹಕ್ಕು ಐತಿ. ಕಾನೂನು ಛಲೋನ ಐತ್ರಿ, ಸುಳ್ಳ್ಯಾಕ ಹೇಳ್ಲಿ.

ಆದ್ರ ಹಲ್ಲಿನ ಡಾಕ್ಟರ್ ಆಗಿ ಕೆಲಸ ಮಾಡಬೇಕಂದ್ರ ಅಪ್ರೊಬಾಟ್ಸಿಯೋನ್, ಅಂದ್ರ ವೈದ್ಯಕೀ ಮಾಡೂ ಪರವಾನಗಿ ಬೇಕು. ಅದನ್ನ ಕೊಡೂದು ಬರ್ಲಿನ್ ಅಲ್ಲ, ಒಂದೊಂದು ರಾಜ್ಯದ್ದು ಒಂದೊಂದು ಕಚೇರಿ. ಮೊದಲ ಬಿ2, ಆಮ್ಯಾಲೆ ಸಿ1 ಮಟ್ಟದ್ದು ವೈದ್ಯಕೀಯ ಜರ್ಮನ್ ಪರೀಕ್ಷಾ. ಆಮ್ಯಾಲೆ ಕಾಗದಪತ್ರ: ದಾಖಲೆಗಳ ದೃಢೀಕರಣ, ಪ್ರಮಾಣಿತ ಅನುವಾದ, ಕಾಲೇಜಿನ ಸಿಲೆಬಸ್ ತಾಸಿನ ಲೆಕ್ಕದ ಜೋಡಿ. ಎಲ್ಲಾ ಕೊಟ್ಟು ಹದಿನಾಕು ತಿಂಗಳು ಕಾದೆ. ಅಷ್ಟ್ರಾಗ ನಮ್ಮನಿಯವರ ಕಂಪನಿ ಅವರನ್ನ ಬ್ಯಾರೆ ರಾಜ್ಯಕ್ಕ ಹಾಕ್ತು. ನನ್ನ ಫೈಲು ಅಲ್ಲೇ ಉಳೀತು. ಇಲ್ಲಿ ಮತ್ತ ಮೊದಲಿಂದ ಅರ್ಜಿ.

ಕೈ ಮರೀಬಾರದು ಅಂತ ರಾತ್ರಿ ಮಗು ಮಲಗಿದ ಮ್ಯಾಲೆ ಅಡಿಗಿಮನಿ ಟೇಬಲ್ಲಿನ ಮ್ಯಾಲೆ ಮೇಣದಾಗ ಹಲ್ಲು ಕೆತ್ತತೇನ್ರಿ. ಬಿಡಿಎಸ್ ಮೊದಲ ವರ್ಷದಾಗ ಮಾಡಿಸ್ತಿದ್ರಲ್ಲ, ಅದನ್ನ. ಒಂದು ಸ್ಟೀಲ್ ಡಬ್ಬಿ ತುಂಬ ದವಡಿ ಹಲ್ಲು ಅದಾವು. ಇಲ್ಲಿ ಹಳ್ಳಿ ಕಡೆ ಹಲ್ಲಿನ ಡಾಕ್ಟರ್ ಸಿಗವಲ್ರು ಅಂತ ಪೇಪರಿನಾಗ ಬರತೈತಿ. ಅದನ್ನ ಓದಿ ಡಬ್ಬಿ ಮುಚ್ಚಿ ಮಲಗತೇನಿ. ನನ್ನ ಓದು ಇಲ್ಲಿದಕ್ಕ ಸಮ ಐತಿ ಅಂತ ತೋರಿಸೂ ಜ್ಞಾನ ಪರೀಕ್ಷಾದ ತಾರೀಖು ಇನ್ನೂ ಬಂದಿಲ್ಲ.

ನೆಕ್ಕರ್_ತೀರ:

ಅಕ್ಕ, ನಿಮ್ಮ ಕಥೆ ಓದಿ ಸುಮ್ಮನೆ ಕೂತಿದ್ದೆ. ಮೈಸೂರಿನವರ ವಿಷಯವೂ ಇದೇ. ಆ ಮನೆಯಾಕೆ ಹೈಸ್ಕೂಲ್ ಗಣಿತದ ಟೀಚರ್. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕಾದರೆ ಸಾಮಾನ್ಯವಾಗಿ ಎರಡು ವಿಷಯ ಬೇಕು, ಅವರು ಓದಿದ್ದು ಒಂದೇ. ಇನ್ನೊಂದು ವಿಷಯವನ್ನು ಯೂನಿವರ್ಸಿಟಿಗೆ ಹೋಗಿ ಮತ್ತೆ ಓದಬೇಕಿತ್ತು. ಕೊನೆಗೆ ಒಂದು ಉಗ್ರಾಣದಲ್ಲಿ ಪಾರ್ಸೆಲ್ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ದುಡಿಮೆ ಯಾವುದೂ ಕೀಳಲ್ಲ. ಆದರೆ ಗಣಿತದ ಟೀಚರುಗಳಿಲ್ಲ ಅಂತ ಅವರ ಮಗಳ ಶಾಲೆಯಲ್ಲೇ ಪೀರಿಯಡ್ ರದ್ದಾಗುತ್ತಿದ್ದವು.

ಮಂಗಳೂರಿನ_ಸಿಸ್ಟರ್:

ನಾನು ನರ್ಸು, 2022ರಲ್ಲಿ ಬಂದದ್ದು. ನಮ್ಮ ಕಥೆ ಇಂಜಿನಿಯರುಗಳದ್ದಕ್ಕಿಂತ ಬೇರೆ ಉಂಟು, ಅದಕ್ಕೇ ಬರೆಯುದು.

ನಮ್ಮ ಡಿಪ್ಲೊಮಾ ನೋಡಿ ಇಲ್ಲಿಯವರು ಒಂದು ಪತ್ರ ಕೊಡ್ತಾರೆ, ನಿಮ್ಮ ಓದಿನಲ್ಲಿ ಇದಿದು ಕಡಿಮೆ ಉಂಟು ಅಂತ. ಅದನ್ನು ತುಂಬಿಸ್ಲಿಕ್ಕೆ ಹೊಂದಾಣಿಕೆ ಕೋರ್ಸು ಮಾಡ್ಬೇಕು, ಇಲ್ಲದಿದ್ರೆ ಪರೀಕ್ಷೆ. ಅಷ್ಟರವರೆಗೆ ನಾವು ಸಹಾಯಕಿಯರು, ಸಂಬಳವೂ ಸಹಾಯಕಿಯದ್ದೇ. ಮಂಗಳೂರಲ್ಲಿ ಐಸಿಯು ನೋಡಿದವಳು ಇಲ್ಲಿ ಒಂದು ವರ್ಷ ಊಟದ ಟ್ರೇ ಹಂಚಿದ್ದೇನೆ. ಅಜ್ಜಅಜ್ಜಿಯರಿಗೆ ಊಟ ಮಾಡಿಸುವುದು ನನಗೆ ಬೇಸರದ ಕೆಲಸ ಅಲ್ಲವೇ ಅಲ್ಲ. ಆದರೆ ಡ್ರಿಪ್ ಅಲಾರಂ ಹೊಡ್ಕೊಳ್ಳುವಾಗ ಕೈ ಕಟ್ಟಿ ನಿಲ್ಲುವುದು ಕಷ್ಟ ಮಾರಾಯ್ರೇ.

ಇನ್ನೊಂದು, ಏಜೆಂಟು. ನನ್ನ ಕಾಂಟ್ರಾಕ್ಟಿನಲ್ಲಿ ಮೂರು ವರ್ಷದೊಳಗೆ ಬಿಟ್ಟರೆ ಭಾಷೆ ಕಲಿಸಿದ ಖರ್ಚು ವಾಪಸು ಕೊಡ್ಬೇಕು ಅಂತ ಬರ್ದಿತ್ತು. ಜರ್ಮನ್ನಿನಲ್ಲಿತ್ತು, ನಾನು ಆಗ ಬಿ1. ಸಹಿ ಹಾಕಿದೆ. ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿ ಒಂದು ಪೈಸೆ ಕೊಡದೆ ಬಂದಿದ್ದಾಳೆ. ಅವಳು ಬಂದದ್ದು ಟ್ರಿಪಲ್ ವಿನ್ ಯೋಜನೆಯಲ್ಲಿ. ಕೇರಳ ಸರ್ಕಾರದ ವಲಸಿಗರ ಸಂಸ್ಥೆ ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಉದ್ಯೋಗ ಏಜೆನ್ಸಿ ಮತ್ತು ಅಲ್ಲಿನ ಅಭಿವೃದ್ಧಿ ಸಹಕಾರ ಸಂಸ್ಥೆ ಜಿಐಜೆಡ್ ಜೊತೆ ಒಪ್ಪಂದ ಮಾಡ್ಕೊಂಡಿತು, ಭಾಷೆಯ ತರಬೇತಿಯೂ ಅದರಲ್ಲೇ ಉಂಟು. ನಮ್ಮ ಕರ್ನಾಟಕದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಅಂತ ಉಂಟು. ನಮ್ಮ ನರ್ಸಿಂಗ್ ಕಾಲೇಜಿನ ಒಬ್ಬಳಿಗೂ ಅದರ ಸುದ್ದಿ ಗೊತ್ತಿರ್ಲಿಲ್ಲ. ನರ್ಸಿಂಗ್ ಓದುವ ತಂಗಿಯಂದಿರು ಇದನ್ನು ಓದ್ತಿದ್ರೆ ಮೊದಲು ಅಲ್ಲಿ ಕೇಳಿ. ಇಲ್ಲಿಯ ಆಸ್ಪತ್ರೆಗೆ ನ್ಯಾಯಯುತ ನೇಮಕಾತಿಯ ಸರ್ಕಾರಿ ಮುದ್ರೆ ಉಂಟಾ ಅಂತಲೂ ನೋಡಿ. ಆ ಮುದ್ರೆ ಇದ್ದವರು ನೇಮಕದ ಖರ್ಚನ್ನು ನಿಮ್ಮ ತಲೆಗೆ ಕಟ್ಟುವ ಹಾಗಿಲ್ಲ.

ಅತಿಥಿ ಕಾರ್ಮಿಕರ ಮಾತು ಬಂತಲ್ಲ, 1960ರ ದಶಕದಲ್ಲೇ ಕೇರಳದ ಹುಡುಗಿಯರು ಚರ್ಚಿನ ಮೂಲಕ ಇಲ್ಲಿಗೆ ನರ್ಸಿಂಗಿಗೆ ಬಂದಿದ್ರು. 1970ರ ದಶಕದ ಕೊನೆಗೆ ಸುಮಾರು ಜನರ ಪರವಾನಗಿ ಮುಂದುವರಿಸದೆ ವಾಪಸು ಕಳಿಸಿದ್ರು. ಉಳಿದವರಲ್ಲಿ ಒಬ್ಬರು ಈಗ ನಮ್ಮ ವಾರ್ಡಿನಲ್ಲಿ ರೋಗಿ. ಎಂಬತ್ತು ದಾಟಿದೆ. ನಾನು ಕುಚ್ಚಲಕ್ಕಿ ಗಂಜಿ ಮಾಡಿ ಕೊಂಡೋಗಿ ಕೊಡ್ತೇನೆ.

ಹಾಸನ_ಹ್ಯಾಂಬರ್ಗ್:

ಎಬಿಎಚ್ ಬಗ್ಗೆ ನಾನು ಬರೀತೀನಿ. ಈಗ ಹ್ಯಾಂಬರ್ಗಿನಲ್ಲಿದ್ದೀನಿ, ಇದು ಮೊದಲಿದ್ದ ಸಣ್ಣ ಊರಿನ ಮಾತು.

ನನ್ನ ಕಾರ್ಡಿನ ಅವಧಿ ಅಕ್ಟೋಬರಿಗೆ ಮುಗೀತಿತ್ತು. ಜುಲೈನಲ್ಲೇ ಅರ್ಜಿ ಹಾಕಿದೆ. ಟೆರ್ಮೀನ್ (ಭೇಟಿಯ ಸಮಯ) ಸಿಗಲಿಲ್ಲ. ಇಮೇಲಿಗೆ ತಾನಾಗೇ ಬರೋ ಉತ್ತರ ಮಾತ್ರ. ಅಕ್ಟೋಬರ್ ಹೋಯ್ತು, ನವೆಂಬರ್ ಬಂತು. ಒಂದು ಗುರುವಾರ ಬೆಳಗ್ಗೆ ಐದಕ್ಕೆ ತಮ್ಮ ಫೋನ್ ಮಾಡಿದ, ಅಪ್ಪ ಹೋದರು ಅಂತ.

ಅವಧಿ ಮುಗಿದ ಕಾರ್ಡು ಹಿಡಿದು ಊರಿಗೆ ಹೋಗಬಹುದು, ವಾಪಸು ಬರೋಕೆ ಆಗಲ್ಲ. ಇಲ್ಲಿ ಹೆಂಡತಿ, ಏಳು ತಿಂಗಳ ಮಗು. ಕಚೇರಿ ತೆರೆಯೋ ಮೊದಲೇ ಬಾಗಿಲಲ್ಲಿ ನಿಂತೆ. ಸೆಕ್ಯುರಿಟಿಯವನು ಟೆರ್ಮೀನ್ ಇಲ್ಲ ಅಂದ್ರೆ ಬಿಡಲ್ಲ ಅಂದ. ನನಗೆ ಬರೋ ಜರ್ಮನ್ ಎಲ್ಲ ಆ ಹೊತ್ತಲ್ಲಿ ಮರೆತು ಹೋಗಿತ್ತು. "ಮೈನ್ ಫಾಟರ್" (ನನ್ನ ಅಪ್ಪ) ಅಂತ ಎರಡು ಪದ ಬಂತು, ಮುಂದಿಂದು ಬರಲಿಲ್ಲ. ಹಿಂದೆ ನಿಂತಿದ್ದ ಸಿರಿಯಾದ ಹೆಂಗಸೊಬ್ಬರು ನನ್ನ ಪರವಾಗಿ ಮಾತಾಡಿದರು. ಒಳಗಡೆ ಒಬ್ಬ ಅಧಿಕಾರಿಣಿ ಹತ್ತೇ ನಿಮಿಷದಲ್ಲಿ ಫಿಕ್ಷನ್ ಕಾಗದ, ಅಂದರೆ ಅರ್ಜಿ ತೀರ್ಮಾನ ಆಗೋವರೆಗಿನ ತಾತ್ಕಾಲಿಕ ಪತ್ರ ಮಾಡಿಕೊಟ್ಟರು. ಮಡಚೋ ಕಾಗದ, ಅದರ ಮೇಲೊಂದು ಸ್ಟಿಕ್ಕರು, ವಿದೇಶಿಯರ ವಾಸದ ಕಾನೂನಿನ 81ನೇ ಕಲಂ 4ನೇ ಉಪಕಲಮಿನ ಚೌಕಕ್ಕೆ ಗುರುತು. ಆ ಗುರುತಿದ್ದರೆ ಹಳೇ ಪರವಾನಗಿ ಮುಂದುವರಿದಿದೆ ಅಂತ ಅರ್ಥ, ವಾಪಸು ಬರಬಹುದು. 3ನೇ ಉಪಕಲಮಿನ ಚೌಕಕ್ಕೆ ಬಿದ್ದರೆ ಬರೋಕಾಗಲ್ಲ. ಎಲ್ಲರೂ ಇದನ್ನ ತಿಳ್ಕೊಂಡಿರಿ.

ಹತ್ತು ನಿಮಿಷದ ಕೆಲಸ ಅದು. ನಾಲ್ಕು ತಿಂಗಳು ಆಗದೆ ಉಳಿದಿತ್ತು. ಅಪ್ಪನ ಮುಖ ನಾನು ನೋಡಲಿಲ್ಲ. ನಾನು ತಲುಪುವಾಗ ಮೂರನೇ ದಿನದ ಕಾರ್ಯ ಮುಗಿದಿತ್ತು. ಆ ಅಧಿಕಾರಿಣಿಯ ಮೇಲೆ ನನಗೆ ಕೋಪ ಇಲ್ಲ. ಅವರ ಟೇಬಲ್ಲಿನ ಮೇಲೆ ಗೋಡೆ ಎತ್ತರಕ್ಕೆ ಫೈಲು, ಪಕ್ಕದ ಎರಡು ಕುರ್ಚಿ ಖಾಲಿ. ಬರ್ಲಿನ್ನಿನಲ್ಲಿ ಕೂತು ವೀಸಾ ಸಂಖ್ಯೆ ಏರಿಸಿದವರು ಆ ಕುರ್ಚಿ ತುಂಬಿಸಬೇಕಿತ್ತು.

ಧಾರವಾಡದಾಕಿ:

ದೇವ್ರು ನಿಮಗ ಸಮಾಧಾನ ಕೊಡ್ಲಿ ತಮ್ಮಾ.

ಇಸಾರ್_ದಂಡೆ:

ಅಪ್ಪಅಮ್ಮನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. 2024ರ ಮಾರ್ಚ್ 1ರಿಂದ ನುರಿತ ಕೆಲಸಗಾರರು ತಂದೆತಾಯಿಯನ್ನೂ ಅತ್ತೆಮಾವನನ್ನೂ ಕರೆಸಿಕೊಳ್ಳಬಹುದು ಅಂತ ಕಾನೂನಾಯಿತು. ಓದಿದಾಗ ನಾನು ಅಮ್ಮನಿಗೆ ಫೋನ್ ಮಾಡಿ ಕುಣಿದಾಡಿಬಿಟ್ಟೆ. ಆಮೇಲೆ ಸಣ್ಣಕ್ಷರ ಓದಿದೆ. ಮೊದಲ ಪರವಾನಗಿ ಆ ದಿನಾಂಕಕ್ಕೋ ಆಮೇಲೋ ಸಿಕ್ಕವರಿಗೆ ಮಾತ್ರ. ನಾನು 2016ರಿಂದ ತೆರಿಗೆ ಕಟ್ಟುತ್ತಿದ್ದೇನೆ, ನನಗಿಲ್ಲ. ನನ್ನ ಕೈಕೆಳಗೆ ಹೋದ ವರ್ಷ ಸೇರಿದ ಹುಡುಗನಿಗಿದೆ. ಅವನಿಗೂ ಸುಲಭವಿಲ್ಲ, ಯಾಕೆಂದರೆ ತಂದೆತಾಯಿಗೆ ಆರೋಗ್ಯ ವಿಮೆ ತೋರಿಸಬೇಕು. ಎಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವರಿಗೆ ಹೊಸದಾಗಿ ಇಲ್ಲಿ ವಿಮೆ ಕೊಡುವ ಕಂಪನಿ ಹುಡುಕಿ ಹುಡುಕಿ ಸುಸ್ತಾಗಿದ್ದಾನೆ.

ಹೊಸಬರನ್ನು ಸೆಳೆಯೋದಕ್ಕೆ ಬರೆದ ಕಾನೂನು ಅನ್ನೋದು ಇಲ್ಲೇ ಗೊತ್ತಾಗುತ್ತೆ. ಈಗಾಗಲೇ ಇರೋವರನ್ನ ಉಳಿಸಿಕೊಳ್ಳಬೇಕು ಅನ್ನೋ ಯೋಚನೆ ಇದ್ದಿದ್ದರೆ ಆ ದಿನಾಂಕ ಇರುತ್ತಿರಲಿಲ್ಲ. 2024ರ ಜುಲೈನಲ್ಲಿ ಇನ್ನೊಂದು ಸಲಹೆ ಬಂದಿತ್ತು, ನೆನಪಿದೆಯಾ? ಹೊಸದಾಗಿ ಬರೋ ವಿದೇಶಿ ತಜ್ಞರಿಗೆ ಮೊದಲ ಮೂರು ವರ್ಷ ಸಂಬಳದ 30, 20, 10 ಶೇಕಡಾ ತೆರಿಗೆ ಮಾಫಿ. ಜರ್ಮನ್ ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ನನ್ನ ಮುಖ ನೋಡಿ ಕೇಳಿದರು, ನಿಂಗೆ ತೆರಿಗೆ ಕಡಿಮೆಯಂತೆ ಹೌದಾ ಅಂತ. ಅದು ಜಾರಿಗೆ ಬರಲೇ ಇಲ್ಲ, ಬರದಿದ್ದದ್ದೇ ಒಳ್ಳೆಯದಾಯ್ತು. ಪಕ್ಕದ ಟೇಬಲ್ಲಿನವನಿಗಿಂತ ಕಡಿಮೆ ತೆರಿಗೆ ನನಗೆ ಬೇಡ. ಅಮ್ಮನ ಜೊತೆ ಮೂರು ತಿಂಗಳಿಗಿಂತ ಹೆಚ್ಚು ಇರೋ ಅವಕಾಶ ಬೇಕು.

ಸಾಂಟಿಯಾಗೊ_ಸುರೇಶನಲ್ಲ:

ನಾನು ಜರ್ಮನಿಗೆ ಹೋದವನಲ್ಲ, ಆದರೆ ಚರ್ಚೆಗೆ ಉಪಯೋಗವಾಗಬಹುದು ಅಂತ ಬರೀತಿದ್ದೀನಿ. 2012ರಲ್ಲಿ ನಾನೂ ಗೆಳೆಯನೂ ಸ್ಟಾರ್ಟ್-ಅಪ್ ಚಿಲಿಗೆ ಆಯ್ಕೆಯಾಗಿ ಸಾಂಟಿಯಾಗೊಗೆ ಹೋಗಿದ್ವಿ. ಚಿಲಿ ಸರ್ಕಾರ 2010ರಲ್ಲಿ ಶುರು ಮಾಡಿದ ಯೋಜನೆ ಅದು. ಕಂಪನಿಯಲ್ಲಿ ಒಂದು ಪಾಲೂ ಕೇಳದೆ 40,000 ಡಾಲರ್, ಒಂದು ವರ್ಷದ ವೀಸಾ. ಬೆಂಗಳೂರಿನಲ್ಲಿ ಆಗ ನಮಗೆ ಬಾಡಿಗೆ ಕೊಡೋಕೂ ಕಷ್ಟವಾಗಿತ್ತು, ಅದು ದೇವರು ಕೊಟ್ಟ ವರವೇ.

ಅವರು ದುಡ್ಡನ್ನು ಸುಮ್ಮನೆ ಕೈಗಿಡುತ್ತಿರಲಿಲ್ಲ. ನಾವು ಖರ್ಚು ಮಾಡಿ ರಸೀದಿ ಕೊಟ್ಟರೆ ವಾಪಸು. ಜೊತೆಗೆ ಸ್ಥಳೀಯರಿಗೆ ಉಪಯೋಗವಾಗೋ ಕೆಲಸ ಮಾಡಿ ಅಂಕ ಗಳಿಸಬೇಕಿತ್ತು. ಶಾಲೆ ಕಾಲೇಜುಗಳಲ್ಲಿ ಮಾತಾಡೋದು, ಅಲ್ಲಿನ ಹುಡುಗರಿಗೆ ಮಾರ್ಗದರ್ಶನ, ಹೀಗೆ. ನಾನು ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಮೊಬೈಲ್ ಆಪ್ ಮಾಡೋದು ತೋರಿಸಿದ್ದೆ, ಹರಕುಮುರುಕು ಸ್ಪ್ಯಾನಿಷ್‌ನಲ್ಲಿ. ಆ ಮಕ್ಕಳ ಮುಖ ಇವತ್ತಿಗೂ ನೆನಪಿದೆ.

ಅವಧಿ ಮುಗಿದ ಮೇಲೆ ನಾವೂ ಹೊರಟೆವು, ನಮ್ಮ ಜೊತೆಯವರಲ್ಲಿ ಬಹಳ ಜನ ಹೊರಟರು. ಅಲ್ಲಿ ಮುಂದಿನ ಸುತ್ತಿಗೆ ಬಂಡವಾಳ ಹಾಕೋರು ಕಡಿಮೆ, ಗಿರಾಕಿಗಳು ಬೇರೆ ದೇಶದಲ್ಲಿ. ಅದಕ್ಕೇ ಆಮೇಲೆ ಅಲ್ಲೇ ನಿಂತು ಬೆಳೆಯೋ ಕಂಪನಿಗಳಿಗೆ ಅಂತ ದೊಡ್ಡ ಮೊತ್ತದ ಇನ್ನೊಂದು ಹಂತ ಸೇರಿಸಿದರು. ಹೋದವರು ಏನೂ ಬಿಟ್ಟು ಹೋಗಲಿಲ್ಲ ಅಂತಲ್ಲ. ಯೋಜನೆ ನೋಡಿ ಚಿಲಿಯ ಹುಡುಗಹುಡುಗಿಯರೇ ಕಂಪನಿ ಕಟ್ಟೋಕೆ ಮುಂದಾದರು, ಅರ್ಜಿಗಳೂ ಅವರಿಂದ ಹೆಚ್ಚಾದವು. ಉಳಿಸಿಕೊಳ್ಳೋದರ ಲೆಕ್ಕವನ್ನು ತಲೆ ಎಣಿಸಿ ಮಾತ್ರ ಹಾಕಬಾರದು ಅಂತ ನನಗನ್ನಿಸೋದು ಅದಕ್ಕೇ.

ಜರ್ಮನಿಯಲ್ಲಿ ಸ್ವಂತ ಕಂಪನಿ ಮಾಡಬೇಕು ಅನ್ನೋರಿಗೆ ಏನಿದೆ?

ಹಳೇ_ಗ್ರೀನ್‌ಕಾರ್ಡ್:

ಅದೇ ವಾಸದ ಕಾನೂನಿನಲ್ಲಿ 21ನೇ ಕಲಂ ಅಂತ ಇದೆ ಸರ್. ಸ್ವಂತ ಉದ್ಯೋಗದ ಪರವಾನಗಿ. ವ್ಯಾಪಾರದ ಯೋಜನೆ ಕೊಡಬೇಕು, ದುಡ್ಡು ತೋರಿಸಬೇಕು, ಆ ಪ್ರದೇಶಕ್ಕೆ ನಿಮ್ಮ ಉದ್ಯಮದಿಂದ ಅನುಕೂಲ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಫ್ರೀಲಾನ್ಸಿನವರಿಗೆ ಸ್ವಲ್ಪ ಸಲೀಸು, ಬರ್ಲಿನ್ನಿನಲ್ಲಿ ಆ ದಾರಿಯಲ್ಲಿರೋರು ಬೇಕಾದಷ್ಟಿದ್ದಾರೆ. ಆದರೆ ನಿಮಗೆ ಚಿಲಿ ಕೊಟ್ಟಂಥ ಕೈಹಿಡಿದು ಕರೆದೊಯ್ಯೋ ವ್ಯವಸ್ಥೆ ಇಲ್ಲ. ನನ್ನ ಪರಿಚಯದವರಲ್ಲಿ ಇಲ್ಲಿ ಕಂಪನಿ ಕಟ್ಟಿದ ಕನ್ನಡಿಗರೆಲ್ಲ ಮೊದಲು ನೌಕರಿ ಮಾಡಿ, ಪಿಆರ್ ತಗೊಂಡು, ಆಮೇಲೆ ಧೈರ್ಯ ಮಾಡಿದವರು. ಪಿಆರ್ ಇದ್ದರೆ ಯಾವ ಕಲಮೂ ಅಡ್ಡ ಬರಲ್ಲ.

ಬಸವನಗುಡಿ_ಮೇಷ್ಟ್ರು:

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ನಮ್ಮ ತೆರಿಗೆಯಲ್ಲಿ ಓದಿದ ನರ್ಸು, ದಂತವೈದ್ಯೆ, ಇಂಜಿನಿಯರ್ ಎಲ್ಲ ಅಲ್ಲಿ ಹೇಗೆ ಉಳಿಯಬೇಕು ಅನ್ನುವ ಚಿಂತೆಯೇ ಇಲ್ಲಿ ತುಂಬಿದೆ. ರಾಯಚೂರಿನ, ಯಾದಗಿರಿಯ ಆಸ್ಪತ್ರೆಗಳಲ್ಲೂ ಕುರ್ಚಿ ಖಾಲಿ ಇವೆಯಲ್ಲ?

ಮಂಗಳೂರಿನ_ಸಿಸ್ಟರ್:

ಸರ್, ನಿಮ್ಮ ಪ್ರಶ್ನೆ ಸರಿ ಉಂಟು. ನಾನು ಬಿಟ್ಟು ಬಂದ ಆಸ್ಪತ್ರೆಯಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದವಳಿಗೆ 14,000 ರೂಪಾಯಿ ಕೊಡ್ತಿದ್ರು. ಓದಿಗೆ ಅಪ್ಪ ಮಾಡಿದ ಸಾಲ ನಾಲ್ಕೂವರೆ ಲಕ್ಷ. ತೆರಿಗೆಯಲ್ಲಿ ಓದಿದ್ದಲ್ಲ ಸರ್, ಪ್ರೈವೇಟ್ ಕಾಲೇಜು, ಸಾಲದಲ್ಲಿ ಓದಿದ್ದು. ರಾಯಚೂರಿನಲ್ಲಿ ಕಾಯಂ ಹುದ್ದೆ, ಸರಿಯಾದ ಸಂಬಳ, ರಾತ್ರಿ ಪಾಳಿಗೆ ಬಸ್ಸು ಇದ್ದಿದ್ರೆ ನಾನು ಹೋಗ್ತಿದ್ದೆ. ಉಳಿಸ್ಕೊಳ್ಳುವ ಮಾತು ಎರಡೂ ಕಡೆಗೂ ಉಂಟಲ್ಲ.

ಬಸವನಗುಡಿ_ಮೇಷ್ಟ್ರು:

ಒಪ್ಪಿದೆ ಮಗಳೇ. ನನ್ನ ಮಾತಿನ ಧಾಟಿ ಒರಟಾಗಿತ್ತು, ಕ್ಷಮಿಸು.

ಲೈಪ್‌ಜಿಗ್_ನೋಡಿ:

ಬಿಟ್ಟು ಹೋಗೋ ಮಾತಿನಲ್ಲಿ ರಾಜಕೀಯವನ್ನ ಯಾರೂ ತೆಗೀಲಿಲ್ಲ, ನಾನು ತೆಗೀತೀನಿ. 2025ರ ಫೆಬ್ರವರಿ ಚುನಾವಣೆಯಲ್ಲಿ ವಲಸೆ ವಿರೋಧಿ ಪಕ್ಷ ಎಎಫ್‌ಡಿಗೆ 20.8 ಶೇಕಡಾ ಮತ ಬಂತು. ನಾನಿರೋ ಪೂರ್ವ ಭಾಗದಲ್ಲಿ ಇನ್ನೂ ಹೆಚ್ಚು. ಲ್ಯಾಬಿನಲ್ಲಿ ಎಲ್ಲರೂ ಒಳ್ಳೆಯವರೇ. ಟ್ರಾಮಿನಲ್ಲಿ ಸಂಜೆ ಕನ್ನಡದಲ್ಲಿ ಫೋನ್ ಮಾತಾಡುವಾಗ ಮಾತ್ರ ಧ್ವನಿ ತಾನಾಗಿ ತಗ್ಗುತ್ತೆ. ಇಲ್ಲಿನ ಉದ್ಯೋಗ ಸಂಶೋಧನಾ ಸಂಸ್ಥೆ ಐಎಬಿ 2025ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ವಲಸಿಗರಲ್ಲಿ ಸುಮಾರು ನಾಲ್ಕರಲ್ಲೊಬ್ಬರು, ಹಿಂದಿನ ವರ್ಷದಲ್ಲಿ ಬಿಟ್ಟು ಹೋಗೋ ಯೋಚನೆ ಮಾಡಿದ್ದೆವು ಅಂದಿದ್ದಾರೆ. ಚೆನ್ನಾಗಿ ಓದಿದವರಲ್ಲೇ ಆ ಯೋಚನೆ ಜಾಸ್ತಿ. ಇದೇ ಐಎಬಿ ಕೆಲವು ವರ್ಷದ ಹಿಂದೆ, ದುಡಿಯೋರ ಸಂಖ್ಯೆ ಕುಸಿಯದಿರಬೇಕಾದರೆ ವರ್ಷಕ್ಕೆ ನಿವ್ವಳ 4 ಲಕ್ಷ ಜನ ಹೊರಗಿಂದ ಬರಬೇಕು ಅಂತ ಲೆಕ್ಕ ಹಾಕಿತ್ತು. ನಿವ್ವಳ ಅಂದರೆ ಹೋದವರನ್ನ ಕಳೆದು ಉಳಿದದ್ದು. ಮೈಸೂರಿನ ಆ ಸಂಸಾರ ಹೋಯ್ತಲ್ಲ, ಅವರ ಲೆಕ್ಕ ತುಂಬಿಸೋಕೆ ಈಗ ಇನ್ನೊಂದು ಸಂಸಾರ ಬರಬೇಕು.

ನೆಕ್ಕರ್_ತೀರ:

ಒಳ್ಳೆಯದನ್ನೂ ಹೇಳದಿದ್ದರೆ ನ್ಯಾಯವಾಗಲ್ಲ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2014ರಿಂದ ವೆಲ್‌ಕಮ್ ಸೆಂಟರುಗಳಿವೆ, ರಾಜ್ಯ ಸರ್ಕಾರದ ನೆರವಿನಲ್ಲಿ ನಡೆಯೋದು. ಹೆಂಡತಿಗೆ ಕೆಲಸ ಹುಡುಕೋದಕ್ಕೂ ಡಿಗ್ರಿ ಮಾನ್ಯತೆಗೂ ಕೂತು ಮಾತಾಡುತ್ತಾರೆ. ನನ್ನ ಹೆಂಡತಿ ಅಕೌಂಟೆಂಟ್. ಅಲ್ಲಿಯ ಒಬ್ಬ ಮಹಿಳೆ ಅವಳ ಬಯೋಡೇಟಾವನ್ನು ಎರಡು ಗಂಟೆ ಕೂತು ಇಲ್ಲಿನ ರೀತಿಗೆ ತಿದ್ದಿಕೊಟ್ಟು, ಒಂದು ಸಣ್ಣ ಕಂಪನಿಯ ಹೆಸರೂ ಹೇಳಿ ಕಳಿಸಿದರು. ಈಗ ಆರು ವರ್ಷವಾಯಿತು, ಅಲ್ಲೇ ಇದ್ದಾಳೆ. ನಾವು ಉಳಿದದ್ದು ನನ್ನ ಬ್ಲೂ ಕಾರ್ಡಿನಿಂದಲ್ಲ, ಆ ಎರಡು ಗಂಟೆಯಿಂದ.

ಮೈಸೂರಿನವರಿಗೆ ನಾವು ಅದನ್ನು ಹೇಳಿದ್ದು ತುಂಬಾ ತಡವಾಗಿ. ಅಷ್ಟರೊಳಗೆ ಅವರು ಟಿಕೆಟ್ ಬುಕ್ ಮಾಡಿದ್ದರು. ನನಗೆ ಅದು ಚುಚ್ಚುತ್ತಲೇ ಇದೆ. ಕನ್ನಡ ಕೂಟದಲ್ಲಿ ರಾಜ್ಯೋತ್ಸವ, ಯುಗಾದಿ ಎಲ್ಲ ಮಾಡುತ್ತೇವೆ. ಹೊಸದಾಗಿ ಬಂದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಓದು ಏನು, ಏನು ಮಾಡಬೇಕು ಅಂತಿದ್ದೀರಿ ಅಂತ ಕೇಳುವ ಒಂದು ಸಂಜೆ ಇಟ್ಟಿಲ್ಲ. ಮುಂದಿನ ತಿಂಗಳಿಂದ ಇಡೋಣ ಅಂತಿದ್ದೇನೆ.

ಹೊಸ ಸರ್ಕಾರ ವೀಸಾ, ಮಾನ್ಯತೆ ಎಲ್ಲ ಒಂದೇ ಕಡೆ ಆನ್‌ಲೈನಿನಲ್ಲಿ ಮಾಡುವ "ವರ್ಕ್ ಆಂಡ್ ಸ್ಟೇ" ಏಜೆನ್ಸಿ ತರುತ್ತೇವೆ ಎಂದು 2025ರ ಮೈತ್ರಿ ಒಪ್ಪಂದದಲ್ಲಿ ಬರೆದಿದೆ. ಹೆಸರಲ್ಲಾದರೂ "ಸ್ಟೇ" ಬಂತಲ್ಲ ಅಂತ ನನಗೆ ನಿಜವಾಗಿ ಖುಷಿಯಾಯಿತು. ಹಾಸನದವರು ಹೇಳಿದ ಆ ಎರಡು ಖಾಲಿ ಕುರ್ಚಿಗಳನ್ನೂ ಅದು ನೋಡಲಿ.

ಕೋಲಾರದ_ಹುಡುಗ:

ಎಲ್ಲಾ ಓದಿದೆ. ಅನಾಬಿನ್‌ನಲ್ಲಿ ನನ್ನ ಡಿಗ್ರಿ ಸಿಕ್ತು ಅಣ್ಣ, ಸಮ ಅಂತ ತೋರಿಸ್ತಿದೆ. ಏಜೆಂಟಿಗೆ ಬೇಡ ಅಂತ ಹೇಳಿಬಿಟ್ಟೆ.

ಒಂದು ವಿಷಯ ಮೊದಲು ಹೇಳಿರಲಿಲ್ಲ. ಫೆಬ್ರವರಿಯಲ್ಲಿ ನನ್ನ ಮದುವೆ. ಹುಡುಗಿ ಫಿಸಿಯೋಥೆರಪಿ ಓದಿ ಚಿಂತಾಮಣಿಯಲ್ಲಿ ಕೆಲಸ ಮಾಡ್ತಿದಾಳೆ. ನಾನು ಹೋಗಿ ಸೆಟ್ಲ್ ಆದ್ಮೇಲೆ ಅವಳು ಬರೋದು ಅಂತ ಮನೇಲಿ ಮಾತಾಗಿತ್ತು. ಈ ಚರ್ಚೆ ಅವಳಿಗೂ ಕಳಿಸಿದೆ. ರಾತ್ರಿ ಫೋನ್ ಮಾಡಿ, ಜರ್ಮನ್ ಕ್ಲಾಸಿಗೆ ನೀನೊಬ್ಬನೇ ಯಾಕೆ ಸೇರ್ತೀಯ ಅಂದ್ಲು. ಈಗ ಇಬ್ಬರೂ ಒಂದೇ ಬ್ಯಾಚು. ಧಾರವಾಡದ ಅಕ್ಕ, ಅವಳು ಈಗಿಂದಲೇ ಏನು ಮಾಡ್ಕೋಬೇಕು?

ಧಾರವಾಡದಾಕಿ:

ಬಾಳ ಛಲೋ ಕೆಲಸ ಮಾಡೀಯಪ್ಪಾ. ಅಕಿಗೆ ಹೇಳು, ಮಾನ್ಯತೆದ ಅರ್ಜಿ ಇಲ್ಲಿಗೆ ಬಂದ ಮ್ಯಾಲೆ ಹಾಕೂದು ಬ್ಯಾಡ, ಊರಾಗ ಇದ್ದಾಗನ ಹಾಕಬಹುದು. ಬಾನ್‌ದಾಗ ಹೊರದೇಶದಾಗ ಇರೂ ಮಂದಿಗಂತನ 2020ರಿಂದ ಒಂದು ಸಲಹಾ ಕೇಂದ್ರ ಐತಿ, ರೊಕ್ಕ ತೊಗೊಳ್ಳೂದಿಲ್ಲ, ಯಾವ ರಾಜ್ಯಕ್ಕ ಹ್ಯಾಂಗ ಅರ್ಜಿ ಅಂತ ಹೇಳತಾರ. ನಾನು ಅದು ಇಲ್ಲದ ಕಾಲದಾಗ ಬಂದಾಕಿ.

ಮತ್ತ ಕಾಲೇಜಿಗೆ ಈಗ ಹೋಗು ಅನ್ನು, ಮದವಿ ಗದ್ದಲ ಸುರು ಆಗೂಕಿಂತ ಮೊದಲ. ನಾಲ್ಕೂ ವರ್ಷದ ಸಿಲೆಬಸ್ಸು, ಒಂದೊಂದು ವಿಷಯಕ್ಕ ಥಿಯರಿ ಎಷ್ಟು ತಾಸು, ಪ್ರಾಕ್ಟಿಕಲ್ ಎಷ್ಟು ತಾಸು, ಇಂಟರ್ನ್‌ಶಿಪ್ಪು ಯಾವ ವಾರ್ಡಿನಾಗ ಎಷ್ಟು ವಾರ, ಎಲ್ಲಾ ಬರಿಸಿಕೊಂಡು ತೊಗೊ ಅನ್ನು. ಚಿಂತಾಮಣಿ ಕೆಲಸದ್ದೂ ಅನುಭವ ಪತ್ರ ಬೇಕು, ತಾರೀಖು ಹಾಕಿ. ಪ್ರಿನ್ಸಿಪಾಲರ ಸಹಿ ಕಡೀ ಹಾಳಿಗಷ್ಟ ಹಾಕಿಸಿಕೊಂಡು ಬಂದು ನಾ ಎಂಟು ತಿಂಗಳು ಕಳಕೊಂಡೇನಿ. ಪ್ರತಿ ಹಾಳಿಗೂ ಸಹಿ, ಪ್ರತಿ ಹಾಳಿಗೂ ಕಾಲೇಜಿನ ದುಂಡನೆ ಸಿಕ್ಕಾ.